ಹಲ್ಲುಸೆಟ್ಟಿನೊಳಗೊಂದು ಅಯಸ್ಕಾಂತ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಲ್ಲುಸೆಟ್ಟು ಹಾಕಿಕೊಳ್ಳುವ ಅಜ್ಜಿ ಇದ್ದಾರೆಯೇ? ಊಟದ ಹೊತ್ತಿನಲ್ಲಿ ಗಮನಿಸಿ. ಕೆಲವರು ಸೆಟ್ಟನ್ನು ತೆಗೆದು ಲೋಟದ ನೀರಿನಲ್ಲಿಟ್ಟು ಊಟಕ್ಕೆ ಕೂರುತ್ತಾರೆ. ಅಗಿಯಲೆಂದೇ ಮಾಡಿಸಿದ ಹಲ್ಲನ್ನು ಊಟಕ್ಕೇ ತೆಗೆದಿಡುವುದೇಕೆ? ಕೇಳಿದರೆ, "ಕೆಳಗಿನದು ನಿಲ್ಲೋದೇ ಇಲ್ಲ ಮಗಾ, ಅಲ್ಲಾಡುತ್ತೆ" ಎನ್ನುತ್ತಾರೆ.

ಅವರ ಮಾತು ನಿಜ. ಮೇಲಿನ ಸೆಟ್ಟು ಅಗಲವಾದ ಅಂಗುಳವನ್ನು ಮುಚ್ಚುತ್ತದೆ. ಒದ್ದೆಯಾದ ಎರಡು ಗಾಜಿನ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಜೊಲ್ಲಿನ ತೆಳುವಾದ ಪೊರೆ ಅದನ್ನು ಹಿಡಿದಿಡುತ್ತದೆ. ಕೆಳಗಿನದು ಕುದುರೆ ಲಾಳದಂತಹ ಕಿರಿದಾದ ಪಟ್ಟಿ. ನಾಲಿಗೆ ಆಡಿದಾಗಲೆಲ್ಲ ಮೇಲೇಳುತ್ತದೆ.

1950ರ ದಶಕದಲ್ಲಿ ದಂತವೈದ್ಯರು ಒಂದು ಉಪಾಯ ಮಾಡಿದರು. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ ಎಂದು ನೀವು ಓದಿದ್ದೀರಿ. ಮೇಲಿನ ಮತ್ತು ಕೆಳಗಿನ ಸೆಟ್ಟುಗಳಲ್ಲಿ ಸಜಾತೀಯ ಧ್ರುವಗಳು ಎದುರುಬದುರಾಗುವಂತೆ ಅಯಸ್ಕಾಂತಗಳನ್ನು ಕೂರಿಸಿದರು. ಒಂದನ್ನೊಂದು ತಳ್ಳಿ, ಎರಡೂ ವಸಡಿಗೆ ಒತ್ತಿಕೊಳ್ಳಲಿ ಎಂಬುದು ಅವರ ಲೆಕ್ಕ. ಆದರೆ ಬಾಯಿ ತೆರೆದೊಡನೆ ಅಯಸ್ಕಾಂತಗಳ ನಡುವಿನ ದೂರ ಹೆಚ್ಚಿ ಬಲ ಕುಗ್ಗುತ್ತಿತ್ತು. ಬಾಯಿ ತೆರೆಯದೆ ಊಟ ಮಾಡುವುದು ಹೇಗೆ!

ಹಾಗಾದರೆ ಆಕರ್ಷಣೆಯನ್ನೇ ಬಳಸಿದರೆ? ಅದಕ್ಕೆ ಸೆಟ್ಟಿನೊಳಗೆ ಹಿಡಿಸುವಷ್ಟು ಚಿಕ್ಕದಾದ, ಆದರೂ ಬಲಶಾಲಿಯಾದ ಅಯಸ್ಕಾಂತ ಬೇಕಿತ್ತು. ಮೊದಲು ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತ ಬಂದಿತು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಹಾಗೂ ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಇನ್ನೂ ಪ್ರಬಲವಾದುದನ್ನು ತಯಾರಿಸಿದರು. ಅದು ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನ್ ಸೇರಿದ್ದು. ಕೆಲವೇ ಮಿಲಿಮೀಟರಿನ ಬಿಲ್ಲೆಯೂ ಗಟ್ಟಿಯಾಗಿ ಹಿಡಿಯುತ್ತದೆ.

ಈಗ ಮಾಡುವುದು ಹೀಗೆ. ಕೆಳದವಡೆಯಲ್ಲಿ ಒಂದೆರಡು ಹಲ್ಲಿನ ಗಟ್ಟಿ ಬೇರುಗಳು ಉಳಿದಿದ್ದರೆ ವೈದ್ಯರು ಅವನ್ನು ಕೀಳುವುದಿಲ್ಲ. ಚಿಕಿತ್ಸೆ ಮಾಡಿ, ವಸಡಿನ ಮಟ್ಟಕ್ಕೆ ಕತ್ತರಿಸಿ, ಮೇಲೆ ಉಕ್ಕಿನ ಪುಟ್ಟ ಮುಚ್ಚಳ ಕೂರಿಸುತ್ತಾರೆ. ಇದು ಅಯಸ್ಕಾಂತಕ್ಕೆ ಅಂಟುವ ಉಕ್ಕೇ ಆಗಿರಬೇಕು. ಅಡುಗೆಮನೆಯ ಎಲ್ಲ ಸ್ಟೀಲ್ ಪಾತ್ರೆಗಳೂ ಅಂಟುವುದಿಲ್ಲ, ಪರೀಕ್ಷಿಸಿ ನೋಡಿ. ಮುಚ್ಚಳಕ್ಕೆ ಸರಿಯಾಗಿ ಸೆಟ್ಟಿನ ಅಡಿಯಲ್ಲಿ ಅಯಸ್ಕಾಂತ ಇರುತ್ತದೆ. ಸೆಟ್ಟನ್ನು ಹತ್ತಿರ ತಂದರೆ ಸಾಕು, 'ಟಕ್' ಎಂದು ಕೂರುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಕಬ್ಬಿಣದ ಬೀರುವಿಗೆ ಅಂಟಿಸಿದ ಅಯಸ್ಕಾಂತವನ್ನು ನೇರವಾಗಿ ಎಳೆಯಿರಿ, ಕಷ್ಟ. ಪಕ್ಕಕ್ಕೆ ಜಾರಿಸಿ, ಸುಲಭ. ಬಾಯಿಯಲ್ಲೂ ಹಾಗೆಯೇ. ಅಗಿಯುವಾಗ ಪಕ್ಕದಿಂದ ಜೋರಾಗಿ ತಳ್ಳಿದರೆ ಸೆಟ್ಟು ತುಸು ಜಾರುತ್ತದೆ, ಬೇರಿಗೆ ಹೆಚ್ಚು ಪೆಟ್ಟು ಬೀಳುವುದಿಲ್ಲ.

ತೊಂದರೆಗಳೂ ಇವೆ. ನಿಯೋಡಿಮಿಯಂ ಅಯಸ್ಕಾಂತ ಜೊಲ್ಲಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅದನ್ನು ತುಕ್ಕು ಹಿಡಿಯದ ಉಕ್ಕಿನ ಅಥವಾ ಟೈಟಾನಿಯಂನ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕುತ್ತಾರೆ. ಡಬ್ಬಿ ಸವೆದು ತೂತಾದರೆ ಅಯಸ್ಕಾಂತ ಕೆಟ್ಟಂತೆಯೇ. ಕುದಿಯುವ ನೀರಿನಲ್ಲಿ ಸೆಟ್ಟನ್ನು ತೊಳೆಯಬಾರದು. ಬಿಸಿಗೆ ಅಯಸ್ಕಾಂತದ ಬಲ ಕುಗ್ಗಬಹುದು, ಸೆಟ್ಟೂ ಸೊಟ್ಟಗಾಗಬಹುದು. ಎಂ.ಆರ್.ಐ. ಯಂತ್ರವೇ ಒಂದು ಭಾರಿ ಅಯಸ್ಕಾಂತ, ಆದ್ದರಿಂದ ಆ ಪರೀಕ್ಷೆಗೆ ಮೊದಲು ಸೆಟ್ಟನ್ನು ತೆಗೆದಿಡಬೇಕು. ಬೇರಿನ ಮೇಲಿನ ಮುಚ್ಚಳದಿಂದ ಮುಖದ ಭಾಗದ ಚಿತ್ರ ಕೆಡುವುದುಂಟು. ಹೀಗಾಗಿ ಅದರ ವಿಷಯವನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ನೀವೇ ಮಾಡಿ ನೋಡಿ: ಅಯಸ್ಕಾಂತಕ್ಕೆ ಎಷ್ಟು ಗುಂಡುಸೂಜಿಗಳು ಅಂಟುತ್ತವೆ ಎಂದು ಎಣಿಸಿ. ನಡುವೆ ಒಂದು ಕಾಗದ ಇಟ್ಟು ಎಣಿಸಿ, ಆಮೇಲೆ ಐದು, ಹತ್ತು. ಮುಚ್ಚಳದ ಮೇಲೆ ಒಂದು ಅನ್ನದ ಅಗುಳು ಸಿಕ್ಕಿಕೊಂಡರೂ ಅಜ್ಜಿಯ ಸೆಟ್ಟು ಏಕೆ ಸಡಿಲವಾಗುತ್ತದೆ ಎಂಬುದು ಆಗ ತಿಳಿಯುತ್ತದೆ. ಅಯಸ್ಕಾಂತವನ್ನು ಮಾತ್ರ ಬಾಯಿಗೆ ಹಾಕಬೇಡಿ. ಎರಡು ಚೂರು ಹೊಟ್ಟೆಗೆ ಹೋದರೆ, ನಡುವೆ ಕರುಳು ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.