ಐನ್‌ಸ್ಟೈನರನ್ನು ಅಲುಗಿಸಿದ ಸಡಿಲ ಕನೆಕ್ಟರ್

ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು ಎಂಬ ಐನ್‌ಸ್ಟೈನರ ಮಾತನ್ನು ವಿಜ್ಞಾನ ಓದುವ ಮಕ್ಕಳೆಲ್ಲ ಕೇಳಿಯೇ ಇರುತ್ತಾರೆ. 2011ರ ಸೆಪ್ಟೆಂಬರ್‌ನಲ್ಲಿ ಆ ಮಾತಿಗೇ ಸಂಚಕಾರ ಬಂದಂತಿತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಕಣಗಳು ನೆಲದೊಳಗೇ ಸುಮಾರು 730 ಕಿ.ಮೀ. ಹಾದು, ಇಟಲಿಯ ಗ್ರಾನ್ ಸಾಸೊ ಪರ್ವತದ ಅಡಿಯ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿವೆ ಎಂದು ‘ಒಪೆರಾ’ ತಂಡದ ವಿಜ್ಞಾನಿಗಳು ಪ್ರಕಟಿಸಿದರು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಸೆಕೆಂಡ್. ಅಂಥ 60 ಪಾಲುಗಳಿಗಾಗಿ ಭೌತಶಾಸ್ತ್ರದ ಲೋಕವೇ ತಲೆಕೆಡಿಸಿಕೊಂಡಿತು.

2012ರ ಫೆಬ್ರವರಿಯಲ್ಲಿ ಗುಟ್ಟು ರಟ್ಟಾಯಿತು. ಜಿಪಿಎಸ್ ಸಮಯದ ಸಂಕೇತವನ್ನು ಪ್ರಯೋಗದ ಗಡಿಯಾರಕ್ಕೆ ಒಯ್ಯುತ್ತಿದ್ದ ಗಾಜಿನ ಎಳೆಯ ತುದಿಯಲ್ಲಿ ಕನೆಕ್ಟರ್ ಪೂರ್ತಿ ಬಿಗಿದುಕೊಂಡಿರಲಿಲ್ಲ. ಸಡಿಲ ಜೋಡಣೆಯಿಂದಾಗಿ ಕಡಿಮೆ ಬೆಳಕು ದಾಟಿತು. ಬೆಳಕು ಕಡಿಮೆಯಾದ್ದರಿಂದ ಅದನ್ನು ಗ್ರಹಿಸುವ ಸಾಧನ ‘ಸಂಕೇತ ಬಂತು’ ಎನ್ನಲು ಸುಮಾರು 73 ನ್ಯಾನೊಸೆಕೆಂಡ್ ತಡಮಾಡಿತು. ಶಾಲೆಯ ಗಂಟೆಯನ್ನು ಐದು ನಿಮಿಷ ತಡವಾಗಿ ಬಾರಿಸಿದರೆ ತಡವಾಗಿ ಬಂದ ಹುಡುಗನೂ ಹೊತ್ತಿಗೆ ಸರಿಯಾಗಿ ಬಂದವನಾಗುತ್ತಾನಲ್ಲವೇ? ಹಾಗೆ. ಗಡಿಯಾರದಲ್ಲಿದ್ದ ಇನ್ನೊಂದು ಸಣ್ಣ ದೋಷ ವಿರುದ್ಧ ದಿಕ್ಕಿಗೆ ಎಳೆಯುತ್ತಿತ್ತು. ಎರಡನ್ನೂ ಕಳೆದು ಕೂಡಿದಾಗ ನ್ಯೂಟ್ರಿನೊಗಳು ಬೆಳಕನ್ನು ಹಿಂದಿಕ್ಕಿರಲಿಲ್ಲ. ಅದೇ ಮಾರ್ಚ್‌ನಲ್ಲಿ ತಂಡದ ಇಬ್ಬರು ಮುಖಂಡರು ತಮ್ಮ ಹುದ್ದೆ ಬಿಟ್ಟರು.

ಅದೇ ಕುಲದ ಕನೆಕ್ಟರ್ ಈಗ ನಿಮ್ಮ ಮನೆಯ ಗೋಡೆಯ ಮೇಲೂ ಇದ್ದೀತು. ಇಂಟರ್‌ನೆಟ್ ಪೆಟ್ಟಿಗೆಗೆ ಸಿಕ್ಕಿಸಿರುವ ತೆಳ್ಳನೆಯ ವೈರು, ಅದರ ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಪ್ಲಾಸ್ಟಿಕ್ ಮೂತಿ. ಎರಡೂ ತುದಿಗೆ ಇಂಥ ಕನೆಕ್ಟರ್ ಇರುವ ಒಂದೆರಡು ಮೀಟರ್ ತುಂಡಿಗೆ ಪ್ಯಾಚ್ ಕಾರ್ಡ್ ಎನ್ನುತ್ತಾರೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್, ಆಸ್ಪತ್ರೆ, ಬ್ಯಾಂಕು, ಎಲ್ಲೆಡೆ ಒಂದು ಪೆಟ್ಟಿಗೆಯನ್ನು ಇನ್ನೊಂದಕ್ಕೆ ಬೆಸೆಯುವುದು ಇದೇ.

ಅದನ್ನು ಬಿಚ್ಚಿ ನೋಡಿದರೆ (ಉಪಯೋಗಕ್ಕೆ ಬಾರದ ತುಂಡು ಸಿಕ್ಕಿದಾಗ ಮಾತ್ರ!) ಹೊರಗೆ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಹಳದಿ ನೂಲಿನ ಕಂತೆ. ಈ ನೂಲು ಗುಂಡು ತಡೆಯುವ ಅಂಗಿಗಳಿಗೆ ಬಳಸುವ ಕೆವ್ಲಾರ್ ಜಾತಿಯದು; ಯಾರಾದರೂ ವೈರು ಜಗ್ಗಿದರೆ ಎಳೆತವನ್ನು ಇದು ಹೊರುತ್ತದೆ, ಗಾಜಲ್ಲ. ಮತ್ತೊಂದೆರಡು ಪದರ ದಾಟಿದರೆ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು ದಪ್ಪದ ಗಾಜಿನ ಎಳೆ. ಅದರ ನಡುವಿನ ತಿರುಳು ಕೇವಲ 9 ಮೈಕ್ರಾನ್. ನಮ್ಮ ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಬೆಳಕು ಸಾಗುವುದು ಈ ತಿರುಳಿನಲ್ಲಿ.

ಈಗ ಸ್ವಲ್ಪ ಲೆಕ್ಕ. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಗಾಜನ್ನು ಶುದ್ಧಗೊಳಿಸಿ ಕಿ.ಮೀ.ಗೆ 20 ಡೆಸಿಬೆಲ್ ನಷ್ಟದ ಮಟ್ಟಕ್ಕೆ ತಂದರೆ ದೂರಸಂಪರ್ಕಕ್ಕೆ ಸಾಕು ಎಂದು ತೋರಿಸಿದರು. 20 ಡೆಸಿಬೆಲ್ ಎಂದರೆ ಕಿ.ಮೀ. ಮುಗಿಯುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಅಷ್ಟೂ ಆಗ ಕನಸಾಗಿತ್ತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಅದನ್ನು ಸಾಧಿಸಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಗಾಜಿನಲ್ಲಿ ಒಂದು ಕಿ.ಮೀ. ಸಾಗಿದ ಬೆಳಕು ಕಳೆದುಕೊಳ್ಳುವುದು ಸುಮಾರು 0.35 ಡೆಸಿಬೆಲ್. ನೂರರಲ್ಲಿ 92 ಪಾಲು ಉಳಿದಿರುತ್ತದೆ!

ಆದರೆ ಒಂದು ಒಳ್ಳೆಯ ಕನೆಕ್ಟರ್ ಜೋಡಿಯಲ್ಲೇ 0.3 ಡೆಸಿಬೆಲ್‌ನಷ್ಟು ಕಳೆಯುವುದುಂಟು. ಅಂದರೆ ಅಂಗೈಯಲ್ಲಿ ಹಿಡಿಯುವ ಒಂದು ಜೋಡಣೆ ಹೆಚ್ಚುಕಡಿಮೆ ಒಂದು ಕಿ.ಮೀ. ಗಾಜಿಗೆ ಸಮ. ಎರಡು ಮೀಟರ್ ಪ್ಯಾಚ್ ಕಾರ್ಡಿನಲ್ಲಿ ಗಾಜಿನಿಂದಾಗುವ ನಷ್ಟ ಲೆಕ್ಕಕ್ಕೇ ಇಲ್ಲ. ಇರುವುದೆಲ್ಲ ಎರಡು ತುದಿಗಳಲ್ಲಿ. ಕಟ್ಟಡದೊಳಗಿನ ಜಾಲಗಳಲ್ಲಿ ತೊಂದರೆ ಬಂದಾಗ ಅನುಭವಿ ತಂತ್ರಜ್ಞರು ಮೊದಲು ತುದಿಯನ್ನೇ ನೋಡುವುದು ಇದಕ್ಕೇ.

ತುದಿಯಲ್ಲಿ ಕಾಣುವ ಬಿಳಿಯ ಕಡ್ಡಿ ಜಿರ್ಕೋನಿಯಾ ಎಂಬ ಪಿಂಗಾಣಿಯದು. ಹೆಸರು ಫೆರೂಲ್, ದಪ್ಪ ಎರಡೂವರೆ ಮಿ.ಮೀ.; ಸಣ್ಣ ಜಾತಿಯದಾದರೆ ಅದರ ಅರ್ಧ. ಅದರ ನಡುವೆ ಕೊರೆದ ತೂತಿನಲ್ಲಿ ಗಾಜಿನ ಎಳೆ ಕೂತಿರುತ್ತದೆ. ಎದುರುಬದುರು ಬರುವ ಎರಡು ತಿರುಳುಗಳು ಎರಡೇ ಮೈಕ್ರಾನ್ ಪಕ್ಕಕ್ಕೆ ಸರಿದರೂ ಬೆಳಕಿನ ಸುಮಾರು ಆರನೇ ಒಂದು ಪಾಲು ಸೋರಿಹೋಗುತ್ತದೆ. ನಡುವೆ ಗಾಳಿ ಉಳಿದರೆ ಗಾಜಿನ ಒಂದೊಂದು ಮೈಯಿಂದಲೂ ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಅದಕ್ಕೇ ತುದಿಗಳನ್ನು ನಯವಾಗಿ ಉಬ್ಬಿಸಿ ಉಜ್ಜಿ, ಸ್ಪ್ರಿಂಗಿನ ಒತ್ತಡದಿಂದ ಗಾಜಿಗೆ ಗಾಜು ತಾಗುವಂತೆ ಮಾಡಿರುತ್ತಾರೆ. ಹೀಗೆ ಒತ್ತಿದ ಎರಡು ಗಾಜುಗಳ ನಡುವೆ ದೂಳಿನ ಒಂದು ಕಣ ಸಿಕ್ಕಿಕೊಂಡರೆ ಬೆಳಕು ತಡೆಯುವುದಷ್ಟೇ ಅಲ್ಲ, ಗಾಜಿಗೆ ಶಾಶ್ವತವಾಗಿ ಗೀರು ಬೀಳಬಹುದು. ಬೆರಳು ತಾಗಿಸಿದರೆ ಚರ್ಮದ ಎಣ್ಣೆ ಮೆತ್ತುತ್ತದೆ. ಬಾಯಿಂದ ಊದುವುದು, ಅಂಗಿಯ ಚುಂಗಿನಿಂದ ಒರೆಸುವುದು ಇನ್ನೂ ಕೆಟ್ಟದ್ದು.

ಬಣ್ಣದ ವಿಷಯಕ್ಕೆ ಬರೋಣ, ಇದು ಅಲಂಕಾರಕ್ಕಲ್ಲ. ನೀಲಿ ಕನೆಕ್ಟರಿನ ತುದಿಯನ್ನು ನೇರಕ್ಕೆ ಉಜ್ಜಿರುತ್ತಾರೆ. ಹಸಿರಿನದನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಪ್ರತಿಫಲಿಸಿದ ಬೆಳಕು ಬಂದ ದಾರಿಯಲ್ಲೇ ಮರಳಿ ಲೇಸರನ್ನು ಕಾಡದೆ ಪಕ್ಕಕ್ಕೆ ಹೋಗಲಿ ಎಂದು. ಹೊರಗಿನ ಆಕಾರ ಒಂದೇ ಆದ್ದರಿಂದ ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಕೂತುಬಿಡುತ್ತದೆ. ಆದರೆ ಒಳಗೆ ನೇರ ತುದಿ, ಓರೆ ತುದಿಗಳ ನಡುವೆ ಸಂದು ಉಳಿಯುತ್ತದೆ, ಬೆಳಕು ಸೋರುತ್ತದೆ. ‘ಸಿಕ್ಕಿಸಿದೆ, ಆದರೂ ನೆಟ್ ಬರುತ್ತಿಲ್ಲ’ ಎನ್ನುವವರು ಮೊದಲು ಬಣ್ಣ ನೋಡಬೇಕು.

ವೈರಿನ ಬಣ್ಣಕ್ಕೂ ಅರ್ಥವಿದೆ. ಹಳದಿ ವೈರಿನೊಳಗೆ 9 ಮೈಕ್ರಾನಿನ ಕಿರುದಾರಿ. ಕಿತ್ತಳೆ ಅಥವಾ ತಿಳಿ ನೀಲಿಹಸಿರು ವೈರಿನೊಳಗೆ 50 ಅಥವಾ 62.5 ಮೈಕ್ರಾನಿನ ಹೆದ್ದಾರಿ. ಹೆದ್ದಾರಿಯೇ ಮೇಲಲ್ಲವೇ ಎಂದು ಕೇಳಬೇಡಿ. ಅಗಲ ದಾರಿಯಲ್ಲಿ ಕೆಲವು ಕಿರಣಗಳು ನೆಟ್ಟಗೆ, ಕೆಲವು ಗೋಡೆಗೆ ಪುಟಿಯುತ್ತ ಸಾಗುವುದರಿಂದ ಒಟ್ಟಿಗೆ ಹೊರಟವು ಹಿಂದುಮುಂದಾಗಿ ತಲುಪಿ ಸಂಕೇತ ಕಲಸಿಹೋಗುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ನೀಲಿಹಸಿರು ವೈರಿನ ಒಂದು ಬಗೆ 300 ಮೀಟರ್ ತಾಳಿದರೆ, ಹಳೆಯ 62.5 ಮೈಕ್ರಾನಿನದು 33 ಮೀಟರಿಗೇ ಸುಸ್ತು. ಒಂದು ಕಟ್ಟಡದೊಳಕ್ಕೆ ಇದು ನಡೆದೀತು, ಊರಿಂದೂರಿಗಲ್ಲ. ಇನ್ನು 50 ಮೈಕ್ರಾನಿನ ಬೆಳಕನ್ನು 9ರೊಳಗೆ ತುರುಕಲು ಹೋದರೆ ಕಿರುಬಾಯಿಯ ಸೀಸೆಗೆ ಕೊಡದಿಂದ ನೀರು ಸುರಿದಂತೆ, ಬಹುಪಾಲು ಚೆಲ್ಲಿಹೋಗುತ್ತದೆ.

ಹೆತ್ತವರು ಮಕ್ಕಳಿಗೆ ಹೇಳಲೇಬೇಕಾದ ಒಂದು ಮಾತು: ಬಿಚ್ಚಿದ ಕನೆಕ್ಟರನ್ನು ಕಣ್ಣಿಗೆ ಹಿಡಿದು ‘ಬೆಳಕು ಬರುತ್ತಿದೆಯೇ’ ಎಂದು ಇಣುಕಬಾರದು. ಒಳಗೆ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಮನೆಗೆ ಬರುವ ಬೆಳಕು ಮಂದವಾದದ್ದೇ. ಆದರೆ ಜಾಲದ ಬೇರೆಡೆ ಅದು ಎಷ್ಟು ಪ್ರಖರ ಎಂದು ಹೊರಗಿನಿಂದ ತಿಳಿಯುವಂತಿಲ್ಲ. ಕಸುಬಿನವರು ಇದಕ್ಕೆಂದೇ ಇರುವ ಅಳತೆಯ ಉಪಕರಣ ಬಳಸುತ್ತಾರೆ. ಮನೆಯಲ್ಲಿ ವೈರನ್ನು ಮೊಳೆಗೆ ಮಡಚಿ ಸಿಕ್ಕಿಸದೆ, ಬಳೆಯಷ್ಟಾದರೂ ದುಂಡಗೆ ಸುತ್ತಿಟ್ಟರೆ, ಕಳಚಿದ ತುದಿಗೆ ಕೂಡಲೇ ಮುಚ್ಚಳ ಹಾಕಿದರೆ, ಲೈನ್‌ಮನ್‌ಗೆ ಫೋನ್ ಮಾಡುವ ಅರ್ಧ ಸಂದರ್ಭಗಳು ಬರಲಾರವು.