ಶಕ್ತಿಯ ಸಂಗ್ರಹ, ವರ್ಗಾವಣೆ ಮತ್ತು ಕೆಲಸ: ಒಂದು ಕೊಡ ನೀರಿನ ಲೆಕ್ಕ

‘ಬಲ’, ‘ಶಕ್ತಿ’, ‘ಸಾಮರ್ಥ್ಯ’ ಎಂಬ ಮೂರು ಪದಗಳು ಮನೆಮಾತಿನಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತವೆ. ಜ್ವರದಿಂದೆದ್ದವನ ಮೈಯಲ್ಲಿ ಬಲವಿಲ್ಲವೆಂದರೂ ಶಕ್ತಿಯಿಲ್ಲವೆಂದರೂ ಅರ್ಥ ಒಂದೇ. ಭೌತವಿಜ್ಞಾನದಲ್ಲಿ ಇವು ಮೂರು ಭಿನ್ನ ಪರಿಮಾಣಗಳು. ಬಲವನ್ನು ನ್ಯೂಟನ್‌ಗಳಲ್ಲಿಯೂ ಶಕ್ತಿಯನ್ನು ಜೂಲ್‌ಗಳಲ್ಲಿಯೂ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿಯೂ ಅಳೆಯುತ್ತೇವೆ.

ಗಡಿನಾಡಿನ ನಮ್ಮ ಶಾಲೆಗಳಲ್ಲಿ ಈ ತೊಡಕಿಗೆ ಇನ್ನೊಂದು ಮುಖವಿದೆ. ಕನ್ನಡ, ತೆಲುಗು ಪಠ್ಯಗಳ ‘ಶಕ್ತಿ’ಯು ಮರಾಠಿಯಲ್ಲಿ ‘ಊರ್ಜಾ’, ಮಲಯಾಳದಲ್ಲಿ ‘ಊರ್ಜಂ’, ತಮಿಳಿನಲ್ಲಿ ‘ಆಟ್ರಲ್’. ಮರಾಠಿ ಪಠ್ಯದ ‘ಶಕ್ತೀ’ಯಾದರೋ ನಮ್ಮ ‘ಸಾಮರ್ಥ್ಯ’. ಅಕ್ಕಲಕೋಟೆಯ ಅಥವಾ ಜತ್ತದ ವಿದ್ಯಾರ್ಥಿಯು ಮುಂದೆ ಮರಾಠಿ ಮಾಧ್ಯಮದ ತರಗತಿಗೆ ಸೇರಿದಾಗ ಅದೇ ಪದ ಬೇರೊಂದು ಅರ್ಥದಲ್ಲಿ ಎದುರಾಗುತ್ತದೆ. ಪದವನ್ನಷ್ಟೇ ಕಂಠಪಾಠ ಮಾಡಿದವನು ಅಲ್ಲಿ ಎಡವುತ್ತಾನೆ. ಪರಿಮಾಣವನ್ನು ಲೆಕ್ಕಮಾಡಿ ಅರಿತವನು ಎಡವಲಾರನು. ಆದುದರಿಂದ ವ್ಯಾಖ್ಯೆಗೆ ಮೊದಲು ಪರಿಚಿತವಾದ ಒಂದು ಕ್ರಿಯೆಯ ಲೆಕ್ಕವನ್ನು ಪೂರ್ತಿಯಾಗಿ ಮಾಡಿಸುವುದು ಉಚಿತ.

ಬಾವಿಯಿಂದ ನೀರು ಸೇದುವುದನ್ನೇ ತೆಗೆದುಕೊಳ್ಳೋಣ. ನೀರು ತುಂಬಿದ ಕೊಡದ ದ್ರವ್ಯರಾಶಿ 10 ಕಿಲೋಗ್ರಾಂ; ಎತ್ತಬೇಕಾದ ಎತ್ತರ 8 ಮೀಟರ್. ಗುರುತ್ವ ವೇಗೋತ್ಕರ್ಷವನ್ನು ಸುಲಭಕ್ಕಾಗಿ 10 ಎಂದು ಹಿಡಿದರೆ ಕೊಡದ ತೂಕ 100 ನ್ಯೂಟನ್. ಸಮವೇಗದಲ್ಲಿ ಮೇಲೆತ್ತಲು ಹಗ್ಗವು ಅಷ್ಟೇ ಬಲವನ್ನು ಪ್ರಯೋಗಿಸಬೇಕು. ಬಲ ಮತ್ತು ಆ ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟ, ಇವುಗಳ ಗುಣಲಬ್ಧವೇ ಕೆಲಸ: 100 × 8 = 800 ಜೂಲ್. 20 ಸೆಕೆಂಡುಗಳಲ್ಲಿ ಸೇದಿದರೆ ಸಾಮರ್ಥ್ಯ 40 ವ್ಯಾಟ್. 10 ಸೆಕೆಂಡುಗಳಲ್ಲಿ ಸೇದಿದರೆ 80 ವ್ಯಾಟ್. ಬಲ ಬದಲಾಗಲಿಲ್ಲ, ಕೆಲಸ ಬದಲಾಗಲಿಲ್ಲ; ಸಾಮರ್ಥ್ಯ ಮಾತ್ರ ಇಮ್ಮಡಿಯಾಯಿತು.

ಈ 800 ಜೂಲ್ ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು? ಇಲ್ಲಿ ಕಣಜದ ಹೋಲಿಕೆ ನೆರವಾಗುತ್ತದೆ. ಉಂಡ ಆಹಾರದಿಂದ ದೇಹದಲ್ಲಿ ಕೂಡಿದ ರಾಸಾಯನಿಕ ಶಕ್ತಿ ಒಂದು ಕಣಜ. ಎತ್ತರಕ್ಕೇರಿದ ಕೊಡದ ಗುರುತ್ವ ಪ್ರಚ್ಛನ್ನ ಶಕ್ತಿ ಇನ್ನೊಂದು. ಮೊದಲನೆಯದು ಇಳಿಯಿತು, ಎರಡನೆಯದು ಏರಿತು. ಕೆಲಸವೆಂಬುದು ಇವೆರಡರ ನಡುವಿನ ಸಾಗಾಟ, ಕಣಜವಲ್ಲ. ಆದುದರಿಂದ ‘ಕೊಡದಲ್ಲಿ ಎಷ್ಟು ಕೆಲಸವಿದೆ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಸೇದುವಾಗ ಸ್ನಾಯುಗಳೂ ರಾಟೆಯ ಅಚ್ಚೂ ಬಿಸಿಯಾಗುವುದರಿಂದ ದೇಹದ ಕಣಜ ಇಳಿಯುವುದು 800 ಜೂಲಿಗಿಂತ ಹೆಚ್ಚು. ಹೋಲಿಕೆಯ ಮಿತಿಯನ್ನೂ ತಿಳಿಸಿರಿ: ಶಕ್ತಿಯು ಧಾನ್ಯದಂತೆ ವಸ್ತುವಲ್ಲ, ಜಮಾಖರ್ಚಿನಲ್ಲಿ ತಾಳೆಯಾಗಲೇಬೇಕಾದ ಒಂದು ಮೊತ್ತ.

ಮಕ್ಕಳು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಕೊಡವನ್ನು ಹಿಡಿದು ಸುಮ್ಮನೆ ನಿಂತರೂ ಕೈ ಸೋಲುತ್ತದಲ್ಲ, ಅದು ಕೆಲಸವಲ್ಲವೇ? ಕೊಡ ಕದಲದಿರುವುದರಿಂದ ಅದರ ಮೇಲೆ ನಡೆದ ಕೆಲಸ ಶೂನ್ಯ. ಆದರೆ ಸ್ನಾಯುವಿನ ಎಳೆಗಳು ಒಳಗೇ ಸಂಕುಚಿಸುತ್ತಿರುತ್ತವೆ. ದೇಹದ ಶಕ್ತಿ ಉಷ್ಣವಾಗಿ ವ್ಯಯವಾಗುತ್ತದೆ. ಮಗುವಿನ ದಣಿವು ನಿಜವೇ. ಆ ಶಕ್ತಿ ಕೊಡಕ್ಕೆ ಸೇರಲಿಲ್ಲ, ಅಷ್ಟೆ.

ಹಗ್ಗ ಕೈಜಾರಿ ಕೊಡ ಬಾವಿಗೆ ಮರಳಿ ಬಿದ್ದರೆ 800 ಜೂಲ್ ಇಲ್ಲವಾಯಿತೇ? ಬೀಳುವಾಗ ಅದು ಚಲನಶಕ್ತಿಯಾಗುತ್ತದೆ. ಅಲೆಯೂ ಸದ್ದೂ ಅಡಗಿದ ಮೇಲೆ ಬಹುಪಾಲು ನೀರಿನ ಉಷ್ಣವಾಗಿ ಉಳಿಯುತ್ತದೆ. ಪೂರ್ತಿ 800 ಜೂಲ್ 10 ಕಿಲೋಗ್ರಾಂ ನೀರಿಗೇ ಸೇರಿದರೂ ಉಷ್ಣತೆ ಏರುವುದು ಸುಮಾರು 0.02 ಡಿಗ್ರಿ ಸೆಲ್ಸಿಯಸ್ ಮಾತ್ರ; ಬಾವಿಯಷ್ಟು ನೀರಿನಲ್ಲಿ ಹರಡಿದರೆ ಕಾಣುವುದೇ ಇಲ್ಲ. ಇಂತಹ ಸೂಕ್ಷ್ಮ ಏರಿಕೆಯನ್ನೇ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889) 1840ರ ದಶಕದಲ್ಲಿ ಅಳೆದನು. ಭಾರಗಳನ್ನು ಮತ್ತೆ ಮತ್ತೆ ಇಳಿಯಬಿಟ್ಟು, ಅವುಗಳಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಬಿಸಿಯಾದುದನ್ನು ತೋರಿಸಿದನು. ಶಕ್ತಿಯ ಏಕಮಾನಕ್ಕೆ ಅವನ ಹೆಸರು ಬಂದಿರುವುದು ಇದಕ್ಕಾಗಿ.

ಪಾಠದ ಕೊನೆಯಲ್ಲಿ ಚೆಂಡೆಸೆತ, ಸೈಕಲ್ ತುಳಿತ, ಒನಕೆಯಿಂದ ಕುಟ್ಟುವುದು, ಇವುಗಳಲ್ಲೊಂದನ್ನು ಕೊಟ್ಟು ‘ಇಳಿದ ಕಣಜ, ಸಾಗಿದ ಬಗೆ, ಏರಿದ ಕಣಜಗಳು’ ಎಂಬ ಮೂರು ಅಂಕಣಗಳನ್ನು ತುಂಬಿಸಿರಿ. ಪ್ರತಿಯೊಂದು ಪಾರಿಭಾಷಿಕ ಪದದ ಪಕ್ಕದಲ್ಲಿ ಅದರ ಏಕಮಾನವನ್ನೂ ರಾಜ್ಯಭಾಷೆಯ ಪದವನ್ನೂ ಬರೆಯಿಸಿರಿ. ಭಾಷೆ ಬದಲಾದಾಗ ಏಕಮಾನವೇ ವಿದ್ಯಾರ್ಥಿಗೆ ದಾರಿ ತೋರುತ್ತದೆ.