ಟ್ರೌಟ್ ಹೊಟ್ಟೆಯಲ್ಲಿ ಸಿಕ್ಕ ಉತ್ತರ

ವಸಂತದ ಆರಂಭದಲ್ಲಿ ದಕ್ಷಿಣ ಇಂಗ್ಲೆಂಡಿನ ಇಚೆನ್ ನದಿಗೆ ಗಾಳ ಹಿಡಿದು ಹೋಗುವವರಿಗೆ ನಸುಕಿನಲ್ಲೇ ಏಳುವ ಅವಸರವಿಲ್ಲ. ಇರುಳಿನ ಚಳಿ ಇಳಿದು ಬಿಸಿಲು ಬಲಿತ ಮೇಲೆ, ನಡುಹಗಲಿನ ಆಸುಪಾಸಿನಲ್ಲಿ, ಕಡು ಆಲಿವ್ ಬಣ್ಣದ ಮೇಫ್ಲೈಗಳು ನೀರಿನಿಂದ ಮೇಲೆದ್ದು ರೆಕ್ಕೆ ನಿಮಿರಿಸಿಕೊಂಡು ತೇಲತೊಡಗುತ್ತವೆ. ಟ್ರೌಟ್ ಮೀನುಗಳು ಅಲ್ಲಲ್ಲಿ ನೀರನ್ನು ಕಲಕಿ ಉಂಗುರ ಎಬ್ಬಿಸುತ್ತವೆ. ಆದರೂ ಎಷ್ಟೋ ಸಲ, ತಲೆಯ ಮೇಲೇ ತೇಲಿಹೋಗುವ ನೊಣವನ್ನು ಅವು ಮುಟ್ಟುವುದೇ ಇಲ್ಲ. ಹಾಗಾದರೆ ತಿನ್ನುತ್ತಿರುವುದಾದರೂ ಏನನ್ನು?

ಈ ಪ್ರಶ್ನೆ ಏಳಲು ಇಚೆನ್ ತಕ್ಕ ಜಾಗವೇ ಆಗಿತ್ತು. ಸುಣ್ಣದ ಗುಡ್ಡಗಳಲ್ಲಿ ಇಂಗಿದ ಮಳೆನೀರು ಅಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಬುಗ್ಗೆಯಾಗಿ ಹೊಮ್ಮುತ್ತದೆ. ನೀರು ಎಷ್ಟು ತಿಳಿ ಎಂದರೆ ದಡದಲ್ಲಿ ನಿಂತೇ ಮೀನಿನ ಚಲನೆಯನ್ನು ನೋಡಬಹುದು. ಇಂಥ ನದಿಗಳನ್ನು ನೋಡಿಯೇ ಫ್ರೆಡರಿಕ್ ಹಾಲ್ಫೋರ್ಡ್ 1886 ಮತ್ತು 1889ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಫ್ಲೈ ಫಿಶಿಂಗ್‌ಗೆ, ಅಂದರೆ ಕೊಕ್ಕೆಗೆ ಕಟ್ಟಿದ ಕೃತಕ ನೊಣದಿಂದ ಮೀನು ಹಿಡಿಯುವ ವಿದ್ಯೆಗೆ, ಒಂದು ಶಾಸ್ತ್ರವನ್ನೇ ಕಟ್ಟಿಕೊಟ್ಟ. ಕೃತಕ ನೊಣ ತೇಲಬೇಕು, ನದಿಯ ಮೇಲಿನ ನಿಜವಾದ ನೊಣವನ್ನೇ ಹೋಲಬೇಕು, ಮೇಲಕ್ಕೆದ್ದ ಮೀನನ್ನು ಕಂಡ ಮೇಲೆಯೇ ಎಸೆಯಬೇಕು. ಅವನ ಅನುಯಾಯಿಗಳಿಗೆ ಅದು ಮೀರಬಾರದ ಕಟ್ಟಳೆಯಾಯಿತು.

ಲಂಡನ್ನಿನ ವಕೀಲ ಜಿ.ಇ.ಎಂ. ಸ್ಕ್ಯೂಸ್ ಕೂಡ ಮೊದಲು ಆ ದಾರಿಯಲ್ಲೇ ನಡೆದವನು. 1883ರಿಂದ ವಿಂಚೆಸ್ಟರ್ ಬಳಿ ಇಚೆನ್ ದಡದ ಆಬಟ್ಸ್ ಬಾರ್ಟನ್‌ನಲ್ಲಿ ಗಾಳ ಹಾಕುತ್ತಿದ್ದ ಅವನ ಕೈಗೆ ಒಂದು ದಿನ ಅಂಗಡಿಯ ಕಳಪೆ ನೊಣ ಬಂತು. ಅದು ನೀರು ಕುಡಿದು ಮುಳುಗಿತು. ಒಳ್ಳೆಯ ಟ್ರೌಟ್ ಒಂದು ಮುಳುಗಿದ ಆ ನೊಣವನ್ನೇ ಹಿಡಿಯಿತು. ಇನ್ನೊಬ್ಬನಾಗಿದ್ದರೆ ಅದೃಷ್ಟ ಎಂದು ಬಿಟ್ಟುಬಿಡುತ್ತಿದ್ದ. ಸ್ಕ್ಯೂಸ್ ಬಿಡಲಿಲ್ಲ.

ಮೂಳೆಯೊಳಗಿನ ಮಜ್ಜೆಯನ್ನು ತೆಗೆಯುವ ಸಪೂರ ಚಮಚವೊಂದನ್ನು ಅವನು ನದಿಗೆ ಒಯ್ಯತೊಡಗಿದ. ಸತ್ತ ಮೀನಿನ ಗಂಟಲಿಗೆ ಅದನ್ನು ಇಳಿಸಿ, ತಿರುಗಿಸಿ, ಹೊರಗೆಳೆದು, ಬಂದದ್ದನ್ನು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೋಡುತ್ತಿದ್ದ. ಉತ್ತರ ಅಲ್ಲಿತ್ತು. ರೆಕ್ಕೆ ಬಿಚ್ಚಿದ ನೊಣಗಳು ವಿರಳ, ರೆಕ್ಕೆ ಇನ್ನೂ ಬಿಚ್ಚದ ನಿಂಫ್‌ಗಳು ರಾಶಿ.

ನಿಂಫ್ ಎಂದರೆ ಮೇಫ್ಲೈಯ ಮರಿ. ನಮ್ಮ ಪಶ್ಚಿಮಘಟ್ಟದ ಹಳ್ಳಗಳಲ್ಲಿ ಕಲ್ಲು ಮಗುಚಿದರೂ ಇದೇ ಬಳಗದ ಮರಿಗಳು ಕಾಣಸಿಗುತ್ತವೆ. ಅವು ಬಾಳಿನ ಬಹುಪಾಲನ್ನು ತಳದಲ್ಲೇ ಕಳೆದು, ಕೊನೆಗೆ ಮೇಲಕ್ಕೆ ಈಜಿ, ನೀರಿನ ಪೊರೆಯ ಬಳಿ ಚರ್ಮ ಸೀಳಿಕೊಂಡು ಹೊರಬರುತ್ತವೆ. ಮೇಲೇರುವಾಗ ಅವಕ್ಕೆ ಹಾರಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮೀನಿಗೆ ಅದು ಸುಲಭದ ಊಟ. ಸ್ಕ್ಯೂಸ್ ನಿಂಫ್‌ನ ಬಣ್ಣ, ಗಾತ್ರ ನೋಡಿ ನೊಣ ಕಟ್ಟಿದ, ನೀರಿನ ಪೊರೆಗಿಂತ ತುಸು ಕೆಳಗೆ ಅದನ್ನು ಹರಿಯಬಿಟ್ಟ. 1910ರಲ್ಲಿ ‘ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್’ ಬರೆದು ಮುಳುಗುವ ನೊಣದ ಪರ ವಾದ ಮಂಡಿಸಿದ. ಶಾಸ್ತ್ರ ಮೀರಿದನೆಂಬ ಅಸಮಾಧಾನ ದಶಕಗಳ ಕಾಲ ತಣಿಯಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಚರ್ಚೆ ನಡೆಯಿತು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸ್ ಅದೇ ವರ್ಷ ಆಬಟ್ಸ್ ಬಾರ್ಟನ್ ತೊರೆದ.

ಮುಂದಿನ ಹೆಜ್ಜೆ ಇಟ್ಟವನು ನದಿ ಕಾಯುವ ಕೆಲಸದ ಫ್ರಾಂಕ್ ಸಾಯರ್. ವಿಲ್ಟ್‌ಶೈರ್‌ನ ಏವನ್ ನದಿಯೇ ಅವನ ಶಾಲೆ. ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂದು ಅವನು ಗಮನಿಸಿದ. ಹಾಗಾಗಿ ಕಾಲುಗಳ ಗೊಡವೆಯನ್ನೇ ಬಿಟ್ಟು, ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ರೇಷ್ಮೆ ದಾರದ ಬದಲು ಸಣ್ಣ ತಾಮ್ರದ ತಂತಿಯಿಂದ ಕೊಕ್ಕೆಗೆ ಸುತ್ತಿದ. ತಂತಿ ಕಟ್ಟೂ ಆಯಿತು, ತೂಕವೂ ಆಯಿತು. ನೊಣ ಮೀನಿನ ಸಮೀಪಕ್ಕೆ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿದರೆ, ಮೇಲೇರುವ ನಿಂಫ್ ಎಂದೇ ಮೀನು ಬಾಯಿ ಹಾಕುತ್ತದೆ ಎಂಬುದನ್ನೂ ಕಂಡುಕೊಂಡ. 1958ರ ಅವನ ‘ನಿಂಫ್ಸ್ ಆ್ಯಂಡ್ ದಿ ಟ್ರೌಟ್’ ಈ ವಿದ್ಯೆಯನ್ನು ದೂರದ ನದಿಗಳಿಗೆ ಮುಟ್ಟಿಸಿತು.

ವಸಂತದ ಆರಂಭದಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಮಳೆ ಮತ್ತು ಹಿಮದ ನೀರು ತುಂಬಿದ ತಣ್ಣನೆಯ ನದಿಗಳಲ್ಲಿ ಮೀನು ಶಕ್ತಿ ಉಳಿಸಿಕೊಂಡು ನಿಧಾನ ಹರಿವಿನ ಆಳದಲ್ಲಿರುತ್ತದೆ. ಬೆಳಗ್ಗೆ ಅಲ್ಲಿಗೆ ತಲುಪುವುದು ಸಾಯರನ ತೂಕದ ನೊಣ. ನಡುಹಗಲು ನಿಂಫ್‌ಗಳು ಮೇಲೇರತೊಡಗಿದಾಗ, ಉಂಗುರ ಎದ್ದರೂ ಅದರಲ್ಲಿ ಗಾಳಿಗುಳ್ಳೆ ಕಾಣದಿದ್ದರೆ, ಮೀನು ಪೊರೆಯ ಕೆಳಗೇ ತಿನ್ನುತ್ತಿದೆ ಎಂದು ಲೆಕ್ಕ, ಆಗ ಸ್ಕ್ಯೂಸನ ನೊಣ. ಗುಳ್ಳೆ ಉಳಿದರೆ ಮೀನು ಮೇಲಿನ ನೊಣವನ್ನು ಗಾಳಿಯ ಸಮೇತ ನುಂಗಿದೆ, ಆಗ ಹಾಲ್ಫೋರ್ಡನ ತೇಲುವ ನೊಣ. ಅರ್ಧ ಶತಮಾನ ಎದುರುಬದುರು ನಿಂತ ಪಂಥಗಳು ಒಂದೇ ಹಗಲಿನ ಬೇರೆ ಬೇರೆ ಗಳಿಗೆಗಳನ್ನು ಹೇಳುತ್ತಿದ್ದವು. ಹಾಲ್ಫೋರ್ಡ್ ಕಂಡದ್ದು ಸುಳ್ಳಲ್ಲ, ಆದರೆ ಅದು ನದಿಯ ಮೇಲ್ಮೈಯಷ್ಟೇ. ಉಳಿದದ್ದನ್ನು ಕಾಣಲು, ಶಾಸ್ತ್ರವನ್ನು ಬದಿಗಿಟ್ಟು ಮೀನಿನ ಹೊಟ್ಟೆಯನ್ನೇ ಕೇಳುವ ಒಬ್ಬನ ಪ್ರಾಮಾಣಿಕತೆ ಬೇಕಾಯಿತು.